ಗುರ್ತ ಹಾಕಿದ್ದು ಯಾರು

ಗೇಟಿನ ಎಡಗಡೆಯ ಕಂಬದ ಒಳಮೈಯಲ್ಲಿ, ನೆಲದಿಂದ ಒಂದು ಮೊಳ ಎತ್ತರಕ್ಕೆ, ನೀಲಿ ಚಾಕಿನಲ್ಲಿ ಬರೆದ ಗುಣಾಕಾರದ ಚಿಹ್ನೆ. ಅದರ ಕೆಳಗೆ ಎರಡು ಸಣ್ಣ ಅಡ್ಡಗೀಟು. ಎಲ್ಲ ಸೇರಿ ಹೆಬ್ಬೆರಳಿಗಿಂತ ದೊಡ್ಡದಲ್ಲ. ಬಗ್ಗಿ ನೋಡಿದವರಿಗೆ ಮಾತ್ರ ಕಾಣುವಂಥದ್ದು.

ಅದನ್ನು ಹಾಕಿದವಳು ನಾನು. ಗುಣಾಕಾರವೆಂದರೆ ಮನೆಗೆ ಬೀಗ ಹಾಕಿದೆ ಎಂದು. ಎರಡು ಗೀಟೆಂದರೆ ಮಧ್ಯಾಹ್ನ ಎರಡು ಗಂಟೆಗೆ ಎಂದು. ಇನ್ನೊಮ್ಮೆ ಬರಬೇಕು, ಆದರೆ ಈ ಹೊತ್ತಿಗಲ್ಲ ಎಂದು ನನಗೆ ನಾನೇ ಮಾಡಿಕೊಂಡ ನೆನಪಿನ ಗುರುತು. ಬೇರೆಯವರೂ ಅದನ್ನು ಓದಬಹುದು ಎಂದು ನನಗೆ ಹೊಳೆಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಗೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮಣ್ಣಗುಡ್ಡದ ಮನೆಗೆ ಮರಳಿದ್ದ ನಾನು ಕಾಲೇಜುಗಳಿಗೆ ಅರ್ಜಿ ಹಾಕಿ ಉತ್ತರ ಕಾಯುತ್ತಿದ್ದೆ. ನಮ್ಮ ಓಣಿಯಲ್ಲಿ ಇಪ್ಪತ್ತಾರು ಮನೆ. ಮೂರು ಟೆರೇಸಿನವು, ಉಳಿದವೆಲ್ಲ ಹಂಚಿನವು. ಏಪ್ರಿಲಿನಲ್ಲಿ ಎರಡು ಮನೆಗಳಲ್ಲಿ ಕಳ್ಳತನವಾಯಿತು. ಎರಡೂ ಹಾಡುಹಗಲು, ಊಟ ಮುಗಿಸಿ ಓಣಿ ಒಂದು ನಿದ್ದೆ ಮಾಡುವ ಹೊತ್ತಿನಲ್ಲಿ. ಬಾಗಿಲು ಒಡೆದಿರಲಿಲ್ಲ. ಕಿಟಕಿಯ ಸರಳು ಬಗ್ಗಿಸಿರಲಿಲ್ಲ. ಮಾಡಿನ ಹಂಚು ತೆಗೆದು ಛಾವಣಿಯಿಂದಲೇ ಒಳಗೆ ಇಳಿದಿದ್ದರು.

ಬಾಗಿಲ ಕಡೆಯಿಂದ ಬರುವ ಹೆದರಿಕೆಯಾದರೆ ಅಗುಳಿ ಹಾಕಿಕೊಂಡು ಕೂರಬಹುದು. ತಲೆಯ ಮೇಲಿನಿಂದ ಬರುವುದಕ್ಕೆ ಏನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ಬೆಕ್ಕು ಮಾಡಿನ ಮೇಲೆ ನಡೆದರೆ ಅಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಅಂಗಳಕ್ಕೆ ಓಡುತ್ತಿದ್ದಳು. ನನ್ನ ಕೋಣೆಯ ಮಾಡಿನಲ್ಲಿ ಬೆಳಕಿಗೆಂದು ಒಂದು ಗಾಜಿನ ಹಂಚು ಇತ್ತು. ಮಧ್ಯಾಹ್ನ ಅದರ ಬಿಸಿಲು ನೆಲದ ಮೇಲೆ ಒಂದು ಚೌಕವಾಗಿ ಬೀಳುತ್ತಿತ್ತು. ಪುಸ್ತಕ ಹಿಡಿದಿರುತ್ತಿದ್ದೆ, ಓದುತ್ತಿರಲಿಲ್ಲ. ಆ ಚೌಕವನ್ನೇ ನೋಡುತ್ತಿದ್ದೆ. ಕಾಗೆ ಹಾರಿ ಅದು ಒಂದು ಕ್ಷಣ ಕಪ್ಪಾದರೂ ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಓಣಿಗೊಂದು ರಕ್ಷಣಾ ಸಮಿತಿಯಾಯಿತು. ಅದರ ಅಧ್ಯಕ್ಷರು ಓಣಿಯ ದೊಡ್ಡ ಮನೆಯವರು; ಹಿಂದೆ ಗದ್ದೆ ತೋಟ ಇದ್ದ ಮನೆತನ, ಈಗ ಪೇಟೆಯಲ್ಲಿ ಎರಡು ಹೋಟೆಲು. ಅವರ ಚಾವಡಿಯಲ್ಲೇ ಸಭೆ ಕರೆದರು. ಠಾಣೆಯಿಂದ ಬಂದಿದ್ದ ಅಧಿಕಾರಿ ಘಟ್ಟದ ಮೇಲಿನವರು, ತುಳು ಬಾರದು. ಹಾಗಾಗಿ ದಿನಾ ತುಳುವಿನಲ್ಲಿ ಮಾತಾಡಿಕೊಳ್ಳುವ ನಾವೆಲ್ಲ ಅಂದು ಕನ್ನಡದಲ್ಲಿ ಮಾತಾಡಿದೆವು.

"ಕಳ್ಳ ನಿಮ್ಮ ಓಣೀನ ನಿಮಗಿಂತ ಚೆನ್ನಾಗಿ ತಿಳ್ಕೊಂಡಿದ್ದಾನೆ," ಅಂದರು ಅಧಿಕಾರಿ. "ಯಾವ ಮನೇಲಿ ಯಾವಾಗ ಯಾರಿರಲ್ಲ, ಯಾವ ಬಾಗಿಲು ಗಟ್ಟಿಯಿಲ್ಲ, ಎಲ್ಲಿ ದೀಪ ಇಲ್ಲ. ಮೊದ್ಲು ನೀವು ಇದನ್ನ ಬರ್ಕೊಳ್ಳಿ. ಆಮೇಲೆ ಬೀಟ್ ಹಾಕೋದು ನಮ್ಮ ಕೆಲಸ."

ಅಧ್ಯಕ್ಷರು ನನ್ನ ಅಪ್ಪನ ಕಡೆ ತಿರುಗಿದರು. "ಅದಕ್ಕೆ ಹೊರಗಿನವರು ಎಂತಕ್ಕೆ ಮಾರಾಯ್ರೆ? ನಿಮ್ಮ ಮಗಳು ಎಂ.ಎ. ಅಲ್ವಾ? ಸರ್ವೆ ಗಿರ್ವೆ ಎಲ್ಲ ಕಲ್ತದ್ದು."

"ಕಳ್ಳನ ಸರ್ವೆ ಕೂಡ ಕಲಿಸ್ತಾರಾ ಯೂನಿವರ್ಸಿಟಿಯಲ್ಲಿ?" ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಒಳಬಾಗಿಲ ಹತ್ತಿರ ಹೆಂಗಸರ ನಡುವೆ ನಿಂತಿದ್ದ ನಾನು ತಲೆ ತಗ್ಗಿಸಿದೆ. ಆದರೆ ಒಪ್ಪಿಕೊಳ್ಳುವ ಮನಸ್ಸಾಗಲೇ ಆಗಿತ್ತು. ಹೆದರಿಕೆಯನ್ನು ಕಾಗದದ ಮೇಲೆ ಕಾಲಮ್ಮುಗಳಲ್ಲಿ ತುಂಬಿದರೆ ಅದು ಸ್ವಲ್ಪ ಸಣ್ಣದಾಗಬಹುದು ಎಂದುಕೊಂಡೆ.

ಎರಡು ಹಾಳೆಯ ಫಾರಂ ತಯಾರಿಸಿದೆ. ಮುಂಬಾಗಿಲ ಅಗುಳಿ, ಹಿಂಬಾಗಿಲ ಚಿಲಕ, ಕಿಟಕಿಯ ಸರಳು, ಕಾಂಪೌಂಡಿನ ಎತ್ತರ, ಹತ್ತಿರದ ಬೀದಿದೀಪ. ಮಾಡಿನ ಅಡಿಯಲ್ಲಿ ಮುಚ್ಚಿಗೆ, ಅಂದರೆ ಮರದ ಹಲಗೆಯ ಅಟ್ಟ, ಉಂಟೋ ಇಲ್ಲವೋ. ಮಧ್ಯಾಹ್ನ ಎರಡರಿಂದ ಐದರವರೆಗೆ ಮನೆಯಲ್ಲಿ ಯಾರು.

ಮಾಡಿನ ವಿಷಯ ನನಗೆ ಹೇಳಿಕೊಟ್ಟವರು ಹಂಚಿನವರು. ಹೆಸರು ಹಿಡಿದು ಕರೆಯುವವರು ಕಡಿಮೆ. ಓಣಿಗೆಲ್ಲ ಅವರು ಹಂಚಿನವರೇ. ಐವತ್ತು ದಾಟಿದ ಬಡಕಲು ಮನುಷ್ಯ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಓಣಿಯ ಎಲ್ಲ ಹಂಚಿನ ಮನೆಗಳ ಮಾಡು ಕೈಯಾಡಿಸಿ ಒಡೆದ ಹಂಚು ಬದಲಿಸುವುದು ಅವರ ಕೆಲಸ. ನಾನು ಫಾರಂ ಬರೆಯುತ್ತಿದ್ದ ದಿನ ನಮ್ಮ ಮನೆಯಲ್ಲೇ ಇದ್ದರು.

"ಹಂಚು ತೆಗೆಯುವಾಗ ಸದ್ದಾಗುದಿಲ್ವಾ?" ಕೇಳಿದೆ.

"ಗೊತ್ತಿದ್ದವ ತೆಗೆದ್ರೆ ಆಗುದಿಲ್ಲ ಅಕ್ಕ. ಮೇಲಿನದ್ದು ಚೂರು ಎತ್ತಿದ್ರೆ ಕೆಳಗಿನದ್ದು ಜಾರಿ ಕೈಗೆ ಬರ್ತದೆ. ಗೊತ್ತಿಲ್ಲದವ ಮುಟ್ಟಿದ್ರೆ ಇಡೀ ಓಣಿಗೆ ಕೇಳ್ತದೆ."

"ಹಾಗಾದ್ರೆ ಈ ಕಳ್ಳ ಗೊತ್ತಿದ್ದವ."

"ಹೌದು. ನನ್ನ ಹಾಗೆ," ಎಂದು ನಕ್ಕರು. ಅಡಿಗೆಮನೆಯಿಂದ ಅಮ್ಮನೂ ನಕ್ಕಳು.

ಅವರು ಮೊದಲು ಮನೆಯೊಳಗೆ ನಡೆದು ಬೆಳಕು ಸೂಜಿಯಂತೆ ಇಳಿಯುವ ಜಾಗಗಳನ್ನು ಹುಡುಕುತ್ತಿದ್ದರು. ಅಂಥ ಕಡೆ ಪಕ್ಕಾಸಿನ ಮೇಲೆ, ಹಂಚು ಹೊತ್ತ ಮರದ ಮೇಲೆ, ನೀಲಿ ಚಾಕಿನಲ್ಲಿ ಒಂದು ಗುರುತು. ಎಲ್ಲ ಮುಗಿದ ಮೇಲೆ ಏಣಿ. "ಗುರ್ತ ಹಾಕದಿದ್ರೆ ಮೇಲೆ ಹತ್ತಿದ ಮೇಲೆ ಎಲ್ಲ ಹಂಚೂ ಒಂದೇ," ಅಂದರು. ಕ್ಷೇತ್ರಕಾರ್ಯಕ್ಕೆ ಹೋದಾಗ ನಮ್ಮ ಪ್ರೊಫೆಸರರೂ ಇದನ್ನೇ ಹೇಳಿದ್ದರು: ಮುಗಿದ ಮನೆಗೊಂದು ಗುರುತು ಹಾಕಿ, ಇಲ್ಲದಿದ್ದರೆ ಒಂದೇ ಮನೆಗೆ ಎರಡು ಸಲ ಹೋಗುತ್ತೀರಿ. ಗೇಟಿನ ಕಂಬಗಳಿಗೆ ಗುರುತು ಹಾಕಲು ನನಗೂ ಚಾಕ್ ಬೇಕು ಎಂದೆ. ಅವರು ತಮ್ಮದನ್ನೇ ಮುರಿದು ಅರ್ಧ ಕೊಟ್ಟರು. "ಸುಣ್ಣ ಹೊಡೆದ ಕಂಬಕ್ಕೆ ಬಿಳಿ ಕಾಣುದಿಲ್ಲ, ನೀಲಿಯೇ ಒಳ್ಳೇದು."

ನಾಲ್ಕು ದಿನ ಮನೆಯಿಂದ ಮನೆಗೆ ಹೋದೆ. ಮುಗಿದ ಮನೆಗೆ ಸೊನ್ನೆ, ಬೀಗ ಹಾಕಿದ ಮನೆಗೆ ಗುಣಾಕಾರ, ಅದರಡಿಯಲ್ಲಿ ಗಂಟೆಯ ಗೀಟುಗಳು. ಯಾರೂ ಗಮನಿಸಲಿಲ್ಲ. ಮಲೇರಿಯಾದವರು, ಜನಗಣತಿಯವರು ಗೋಡೆಯ ಮೇಲೆ ಏನಾದರೊಂದು ಗೀಚಿಯೇ ಹೋಗುತ್ತಿದ್ದ ಕಾಲ ಅದು. ಅಪರಿಚಿತರು ಬಾಗಿಲು ಬಡಿದರೆ ಏನು ಮಾಡುತ್ತೀರಿ ಎಂದು ಒಬ್ಬ ಅಜ್ಜಿಯನ್ನು ಕೇಳಿದಾಗ, "ಬಡಿದವರಿಗೆ ಚಾ ಕೊಡ್ತೇನೆ ಮಗಾ, ಬಡಿದು ಬರುವವರೇ ಈಗ ಕಡಿಮೆ. ಮಾಡಿನಿಂದ ಇಳಿದವರಿಗೆ ಎಂತ ಕೊಡುದು ಅಂತ ನಿನ್ನ ಪುಸ್ತಕದಲ್ಲಿ ಉಂಟಾ?" ಎಂದು ಕೇಳಿದರು.

ಆ ಅಜ್ಜಿಯ ಎದುರು ಮನೆ ಟೀಚರದು. ಮದುವೆಯಾಗದೆ ಒಬ್ಬರೇ ಇದ್ದವರು, ಶಾಲೆಯಿಂದ ನಿವೃತ್ತರು. ಗುರುವಾರ ಎರಡು ಗಂಟೆಗೆ ಹೋದಾಗ ಬೀಗ ಇತ್ತು. ಗುರುತು ಹಾಕಿದೆ. ಮರುದಿನ ಬೆಳಿಗ್ಗೆ ಹೋದಾಗ ಸಿಕ್ಕರು. ಪ್ರತಿ ಗುರುವಾರ ಜೆಪ್ಪುವಿನಲ್ಲಿರುವ ತಂಗಿಯ ಮನೆಗೆ ಊಟಕ್ಕೆ ಹೋಗುತ್ತಾರಂತೆ, ಬರುವಾಗ ಐದು. ಅದನ್ನು ಫಾರಮಿನಲ್ಲಿ ಬರೆದುಕೊಂಡೆ. ಕಂಬದ ಗುರುತನ್ನು ಒರೆಸಿ ಸೊನ್ನೆ ಹಾಕಬೇಕಿತ್ತು. ಟೀಚರು ಗೇಟಿನವರೆಗೆ ಮಾತಾಡುತ್ತ ಬಂದರು, ಅವರ ಎದುರಿಗೆ ಬಗ್ಗಿ ಒರೆಸಲು ಸಂಕೋಚವಾಯಿತು. ಹಾಗೇ ಬಂದೆ. ಬೀಗ ಹಾಕಿದ್ದ ಬೇರೆ ನಾಲ್ಕು ಮನೆಗಳ ಗುರುತನ್ನೂ ಬದಲಿಸಲಿಲ್ಲ. ಅಷ್ಟರಲ್ಲಿ ಎಲ್ಲವೂ ಫಾರಮಿನಲ್ಲಿ ಇತ್ತು, ಗುರುತಿನ ಅಗತ್ಯ ಮುಗಿದಿತ್ತು.

ಮುಂದಿನ ಗುರುವಾರ ಟೀಚರ ಮನೆಗೆ ಕಳ್ಳ ಇಳಿದ.

ಸಂಜೆ ಅವರ ಕೂಗು ಕೇಳಿ ನಾವೆಲ್ಲ ಓಡಿದೆವು. ಮಲಗುವ ಕೋಣೆಯ ಮಾಡಿನಲ್ಲಿ ಒಬ್ಬ ಮನುಷ್ಯ ಹಿಡಿಸುವಷ್ಟು ಆಕಾಶ ಕಾಣುತ್ತಿತ್ತು. ತೆಗೆದ ಹಂಚುಗಳನ್ನು ಒಂದೂ ಒಡೆಯದ ಹಾಗೆ ಪಕ್ಕದಲ್ಲೇ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮಂಚದ ಬಿಳಿ ಹಾಸಿಗೆಯ ಮೇಲೆ ಒಂದು ಹೆಜ್ಜೆ, ಎಡಗಾಲಿನದು, ಬೆರಳುಗಳು ಸಹ ಸರಿಯಾಗಿ ಕಾಣುವಂತೆ. ಟೀಚರ ತಾಯಿಯ ಬಳೆಗಳು, ರೇಡಿಯೋ ಹೋಗಿದ್ದವು. "ಇನ್ನು ಈ ಮಂಚದಲ್ಲಿ ನಾನು ಹೇಗೆ ಮಲಗುದು?" ಎಂದು ಅವರು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದರು. ನನ್ನನ್ನೂ ಕೇಳಿದರು.

ಆಗಲೂ ನನಗೆ ಕಂಬದ ಗುರುತಿನ ನೆನಪಾಗಲಿಲ್ಲ. ಅದು ಮರುದಿನ, ಶುಕ್ರವಾರ ಬೆಳಿಗ್ಗೆ, ಎದುರು ಮನೆಯ ಅಜ್ಜಿ ಟೀಚರ ಗೇಟಿನ ಹತ್ತಿರ ಬಿದ್ದ ದಾಸವಾಳ ಹೆಕ್ಕಲು ಬಗ್ಗಿದಾಗ ಅವರ ಕಣ್ಣಿಗೆ ಬಿತ್ತು. ಹತ್ತು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ಟೀಚರ ಗೇಟಿನ ಮುಂದೆ ಇದ್ದರು. ಆಮೇಲೆ ಒಬ್ಬೊಬ್ಬರೂ ಹೋಗಿ ತಮ್ಮ ತಮ್ಮ ಕಂಬ ನೋಡಿ ಬಂದರು.

"ನಮ್ಮದಕ್ಕೆ ಸೊನ್ನೆ ಉಂಟು. ಸೊನ್ನೆ ಅಂದ್ರೆ ಎಂತ?"

"ಎಂತ ಇಲ್ಲ ಅಂತ ಲೆಕ್ಕ. ನಿಮ್ಮಲ್ಲಿ ಕದಿಯುದಕ್ಕೆ ಎಂತ ಉಂಟು ಮಾರಾಯ್ತಿ?"

ನಗು ಬಂತು. ಆಗ ಅಜ್ಜಿ, "ಇದು ಸೊನ್ನೆಯಲ್ಲ, ಮನೆಯಲ್ಲಿ ಜನ ಉಂಟು ಅಂತ. ಗುಣಾಕಾರ ಹಾಕಿದ ಮನೆಗಳನ್ನು ನೋಡಿ. ಐದೂ ಮನೆಯಲ್ಲಿ ಮಧ್ಯಾಹ್ನ ಯಾರೂ ಇರುದಿಲ್ಲ. ಗೀಟು ಇದೆಯಲ್ಲ, ಅದು ಗಂಟೆ," ಅಂದರು.

ನಗು ನಿಂತಿತು. ನಾನು ನಾಲ್ಕು ದಿನ ತಿರುಗಿ ಬರೆದದ್ದನ್ನು ಅವರು ನಿಂತ ನಿಲುವಿನಲ್ಲೇ ಸರಿಯಾಗಿ ಓದಿದ್ದರು. ಅಜ್ಜಿಗೆ ಓದಲು ಬಂದದ್ದು ಕಳ್ಳನಿಗೂ ಬಂದಿರಬಹುದು. ಬೀಗದ ಮನೆಯೊಂದರ ಹೆಂಗಸು ಆಗಲೇ ಅಳುತ್ತಿದ್ದರು. ಇನ್ನು ಕೆಲಸಕ್ಕೆ ಹೋಗುವುದಿಲ್ಲ ಎನ್ನುತ್ತಿದ್ದರು. ಅಮ್ಮ ನಮ್ಮ ಗೇಟಿಗೆ ಹೋಗಿ ಎರಡೂ ಕಂಬಗಳನ್ನು ತಡವಿ ಬಂದಳು. ನಮ್ಮ ಮನೆಗೆ ನಾನು ಗುರುತು ಹಾಕಿರಲಿಲ್ಲ. "ನಮ್ಮದು ಬಿಟ್ಟಿದ್ದಾನೆ, ದೇವರ ದಯೆ," ಎಂದು ನನ್ನ ಕೈ ಹಿಡಿದಳು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆಯಲಿಲ್ಲ. ಟೀಚರು ಎರಡು ಮಾರು ದೂರದಲ್ಲಿ ನಿಂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಯಾರಿಗೋ ನೀಲಿ ಚಾಕನ್ನು ಎಲ್ಲಿ ನೋಡಿದ್ದೆಂದು ನೆನಪಾಯಿತು. ಸದ್ದಿಲ್ಲದೆ ಹಂಚು ತೆಗೆಯಬಲ್ಲವರು ಯಾರೆಂದೂ ನೆನಪಾಯಿತು. ಪಕ್ಕದ ಓಣಿಯ ಮಾಡಿನ ಮೇಲಿದ್ದ ಹಂಚಿನವರನ್ನು ಕೆಳಗಿಳಿಸಿ, ಅಧ್ಯಕ್ಷರ ಚಾವಡಿಗೆ ಕರೆತಂದರು. ಠಾಣೆಯಿಂದ ಒಬ್ಬರು ಪೊಲೀಸರು ಬಂದಿದ್ದರು, ಅವರಿಗೂ ತುಳು ಬಾರದು. ಹಂಚಿನವರ ಚೀಲ ಸುರಿದರು. ಒಂದು ಸುತ್ತಿಗೆ, ಹಗ್ಗ, ಎಲೆಯಡಿಕೆಯ ಸಂಚಿ, ನೀಲಿ ಚಾಕಿನ ಅರ್ಧ ತುಂಡು.

ಅಧ್ಯಕ್ಷರು ಹಂಚಿನವರೊಂದಿಗೆ ಮೂವತ್ತು ವರ್ಷ ತುಳುವಿನಲ್ಲೇ ಮಾತಾಡಿದವರು. ಅಂದು ಪೊಲೀಸರಿಗೆ ತಿಳಿಯಲೆಂದು ಕನ್ನಡದಲ್ಲಿ ಕೇಳಿದರು: "ಗುರ್ತ ಹಾಕಿದ್ದು ನೀನಾ?"

"ಹೌದು ಧಣಿ."

"ಎಲ್ಲ ಮನೆಗೂ?"

"ಎಲ್ಲ ಮನೆಗೂ ನಾನೇ. ವರ್ಷ ವರ್ಷ ಹಾಕುದಲ್ವಾ? ಗುರ್ತ ಹಾಕದೆ ಈ ಕೆಲಸ ಮಾಡ್ಲಿಕ್ಕೆ ಆಗ್ತದಾ?"

ಅವರ ಮನಸ್ಸಿನಲ್ಲಿದ್ದದ್ದು ಪಕ್ಕಾಸಿನ ಗುರುತು. ಕೇಳಿದವರ ಮನಸ್ಸಿನಲ್ಲಿದ್ದದ್ದು ಕಂಬದ ಗುರುತು. ಆ ಚಾವಡಿಯಲ್ಲಿ ಎರಡೂ ಗೊತ್ತಿದ್ದವಳು ನಾನೊಬ್ಬಳೇ. ಯಾರೋ ಮುಂದೆ ಬಂದು ಅವರ ಕೆನ್ನೆಗೆ ಹೊಡೆದರು. ಹೊಡೆತಕ್ಕಿಂತ ಹೆಚ್ಚಾಗಿ ಆಶ್ಚರ್ಯದಿಂದ ಅವರು ಹಿಂದಕ್ಕೆ ಸರಿದರು. "ದಾದ ಆಂಡ್? ದಾದ ಆಂಡ್?" ಎಂದು ತುಳುವಿನಲ್ಲಿ ಕೇಳಿದರು, ಏನಾಯಿತು, ಏನಾಯಿತು ಎಂದು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರಿಂದ ಉತ್ತರ ಯಾರೂ ಕೊಡಲಿಲ್ಲ. ಕಂಬ, ಗೇಟು, ಟೀಚರು ಎಂಬ ಮಾತುಗಳು ಅವರ ಕಿವಿಗೆ ಬಿದ್ದಿರಬೇಕು. ತಲೆ ಎತ್ತಿ ಹೆಂಗಸರ ಕಡೆ ನೋಡಿದರು. ನನ್ನನ್ನು ನೋಡಿದರು.

ನನ್ನ ಕಡೆ ಕೈ ತೋರಿಸಬಹುದಿತ್ತು. ತೋರಿಸಲಿಲ್ಲ. ಆಗ ಅವರಿಗೆ ಅರ್ಥವಾಗಿತ್ತೋ, ಅರ್ಥವಾಗಿಯೂ ಹೇಳಿದರೆ ಇನ್ನೂ ಎರಡು ಬೀಳುತ್ತವೆ ಎಂದು ಸುಮ್ಮನಿದ್ದರೋ ತಿಳಿಯದು. ನಾನು ಅಮ್ಮನ ಬೆನ್ನ ಹಿಂದಕ್ಕೆ ಸರಿದೆ. ಒಂದೇ ಹೆಜ್ಜೆ. ಅವರನ್ನು ಅಧ್ಯಕ್ಷರ ಕಾರಿನಲ್ಲೇ ಠಾಣೆಗೆ ಕರೆದುಕೊಂಡು ಹೋದರು.

ಅಪ್ಪ ಆಫೀಸಿನಿಂದ ಬಂದು ಕಾಫಿ ಕುಡಿಯುವಾಗ ಹೇಳಿದೆ. ಮೊದಲ ವಾಕ್ಯ ಹೇಳಲು ಬಹಳ ಹೊತ್ತು ಬೇಕಾಯಿತು, ಮಿಕ್ಕದ್ದು ತಾನಾಗಿ ಬಂತು.

ಅಮ್ಮ ಬಾಗಿಲು ಹಾಕಿ ಬಂದಳು. "ಮೆಲ್ಲ ಮಾತಾಡು. ಟೀಚರ ಮುಖ ಹೇಗೆ ನೋಡುದು ಇನ್ನು? ನಮ್ಮ ಮನೆಯವಳೇ ಕಳ್ಳನಿಗೆ ದಾರಿ ತೋರಿಸಿದ್ದು ಅಂತ ಆಗ್ತದೆ."

ಅಪ್ಪ ಲೋಟ ಕೆಳಗಿಟ್ಟರು. "ನಿನ್ನ ಗುರ್ತ ನೋಡಿಯೇ ಬಂದದ್ದು ಅಂತ ಎಂತ ಗ್ಯಾರಂಟಿ? ಟೀಚರು ಗುರುವಾರ ಇರುದಿಲ್ಲ ಅಂತ ಊರಿಗೇ ಗೊತ್ತು."

"ನೋಡಿ ಬಂದದ್ದಲ್ಲ ಅಂತ ಎಂತ ಗ್ಯಾರಂಟಿ ಅಪ್ಪ?"

ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕಳ್ಳ ಸಿಕ್ಕಿದನೆಂದು ನಾನು ಕೇಳಿಲ್ಲ.

"ಅಧ್ಯಕ್ಷರ ಹತ್ರ ನಾನು ಮೆಲ್ಲ ಮಾತಾಡ್ತೇನೆ," ಅಂದರು ಅಪ್ಪ. "ಒಂದು ನಾಲ್ಕು ದಿನ ಹೋಗ್ಲಿ. ಈಗ ಎಲ್ಲರೂ ಬಿಸಿಯಲ್ಲಿದ್ದಾರೆ."

"ನಾಲ್ಕು ದಿನ ಹಂಚಿನವರು ಅಲ್ಲೇ ಇರಬೇಕಾ?"

"ಅವನಿಗೆ ಎಂತ ಮಾಡುದಿಲ್ಲ. ಕೇಳಿ ಬಿಡ್ತಾರೆ," ಅಂದಳು ಅಮ್ಮ. ಹೇಳುವಾಗ ನನ್ನನ್ನು ನೋಡಲಿಲ್ಲ.

ಮಾಡಿನ ಮೇಲಿನ ಸದ್ದಿಗೆ ಆ ತಿಂಗಳೆಲ್ಲ ಹೆದರಿದ್ದೆ. ಅಂದು ರಾತ್ರಿ ಒಂದು ಸದ್ದೂ ನನಗೆ ಕೇಳಲಿಲ್ಲ. ಮುಚ್ಚಿದ ಒಂದು ಕೋಣೆಯಲ್ಲಿ ಪೊಲೀಸರು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುತ್ತಿರುವುದು, ಹಂಚಿನವರು ಅದಕ್ಕೆ ಹೌದು ಎನ್ನುತ್ತಿರುವುದು, ಇಷ್ಟೇ ಮತ್ತೆ ಮತ್ತೆ ಕೇಳುತ್ತಿತ್ತು.

ಶನಿವಾರ ಬೆಳಿಗ್ಗೆ ಏಳೂವರೆಗೆ ಇಪ್ಪತ್ತಾರು ಫಾರಮುಗಳನ್ನು ಒಂದು ಕವರಿಗೆ ಹಾಕಿಕೊಂಡೆ. ಅಪ್ಪ ದೇವರ ಕೋಣೆಯಲ್ಲಿದ್ದರು. "ಪೂಜೆ ಮುಗೀಲಿ, ಅವರೂ ಬರ್ತಾರೆ," ಎಂದಳು ಅಮ್ಮ. ಪೂಜೆ ಮುಗಿಯುವವರೆಗೆ ಕೂತರೆ ನಾನು ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಠಾಣೆಯ ಮೆಟ್ಟಿಲಿನ ತನಕ ಕಾಲು ತಾನಾಗಿ ನಡೆಯಿತು. ಮೆಟ್ಟಿಲು ಹತ್ತಲು ಒಂದು ಸಲ ಹಿಂದೆ ಹೋಗಿ, ರಸ್ತೆ ದಾಟಿ, ಮತ್ತೆ ಬರಬೇಕಾಯಿತು.

ಹಂಚಿನವರು ಒಳಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಮೈಮೇಲೆ ಅಂಗಿ ಇರಲಿಲ್ಲ. ಒಂದು ಕಿವಿ ಊದಿತ್ತು. ನನ್ನನ್ನು ನೋಡಿ ಎದ್ದು ನಿಲ್ಲಲು ನೋಡಿದರು, ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಸಭೆಗೆ ಬಂದಿದ್ದ ಅಧಿಕಾರಿಯೇ ಮೇಜಿನ ಹಿಂದೆ ಇದ್ದರು. "ಒಬ್ಬರೇ ಬಂದ್ರಾ? ಮನೆಯವರು ಯಾರೂ ಇಲ್ವಾ?"

"ಇಲ್ಲ ಸರ್. ಕಂಬದ ಗುರುತು ನಾನು ಹಾಕಿದ್ದು."

ಅವರು ಪೆನ್ನು ಕೆಳಗಿಟ್ಟರು. ಫಾರಮುಗಳನ್ನು ತೆಗೆದು ಒಂದೊಂದು ಮನೆಯ ಗುರುತಿನ ಅರ್ಥ ಹೇಳಿದೆ. ಚಾಕ್ ಯಾರು ಕೊಟ್ಟದ್ದು, ಯಾಕೆ ನೀಲಿ, ಇವರು ಯಾವ ಗುರುತಿಗೆ ಹೌದು ಎಂದದ್ದು, ಎಲ್ಲವನ್ನೂ ಹೇಳಿದೆ.

"ನೀವು ಓದಿದವರು," ಅಂದರು ಅಧಿಕಾರಿ ಕೊನೆಗೆ. "ಬೀಗ ಇರೋ ಮನೆ ಯಾವುದು ಅಂತ ಬೀದೀಲಿ ಬರೆದಿಟ್ರಲ್ಲಮ್ಮ." ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ಸುಲಭವಾಗುತ್ತಿತ್ತು. ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು. "ನಿನ್ನೆ ಯಾಕೆ ಹೇಳ್ಲಿಲ್ಲ ಅನ್ನೋದನ್ನೂ ಬರೀರಿ."

ಬರೆದೆ. ಹೆದರಿದ್ದರಿಂದ ಎಂದು ಬರೆದೆ. ಅದಕ್ಕಿಂತ ನಿಖರವಾದ ಶಬ್ದ ಸಿಗಲಿಲ್ಲ. ಹೆಸರು, ವಿಳಾಸ ಹಾಕಿ, ಸಹಿ ಮಾಡಿದೆ.

"ಓದಿ ಹೇಳಿ," ಅಂದರು. ನಿಂತುಕೊಂಡು ಓದಿದೆ. ಹೊರಗಿನ ಬೆಂಚಿನಲ್ಲಿದ್ದವರೂ ತಿರುಗಿ ನೋಡಿದರು. ಓದಿ ಮುಗಿದ ಮೇಲೆ ಅಧಿಕಾರಿ ಒಳಗಿನಿಂದ ಹಂಚಿನವರ ಅಂಗಿ, ಚೀಲ ತರಲು ಹೇಳಿ ಎದ್ದರು. ಹಂಚಿನವರು ಅಂಗಿಯ ತೋಳಿಗೆ ಕೈ ತೂರಿಸಲು ಕಷ್ಟಪಡುತ್ತಿದ್ದರು. ನಾನು ಕನ್ನಡದಲ್ಲಿ ಓದಿದ್ದರಲ್ಲಿ ಎಷ್ಟು ತಿಳಿಯಿತೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟೆ. ಅವರ ಎದುರಿಗೆ ನೆಲದ ಮೇಲೆ ಕೂತು, ಎಲ್ಲವನ್ನೂ ಮೊದಲಿನಿಂದ ತುಳುವಿನಲ್ಲಿ ಹೇಳಿದೆ.